ಉತ್ತರ ಬಾರದ ಸಾಲು

“ಮಂಡಿನೋವಿಗೆ ಔಡಲ ಸೊಪ್ಪು ಕಟ್ಟಿಕೋ ಅವ್ವ. ಕಂದುಹಸುವನ್ನು ಮಾರಬೇಡ.”

ಅಷ್ಟು ಓದಿ ರಾಮಮ್ಮ ನಿಲ್ಲಿಸಿದಳು.

ಗಂಡ ಸಿದ್ದಮಲ್ಲಪ್ಪ ನೀಲಗಿರಿಯ ಟೀ ತೋಟದಲ್ಲಿ ಕೂಲಿ. ಅವನಿಗೆ ಅಕ್ಷರ ಬಾರದು. ತೋಟದ ಲೆಕ್ಕ ಬರೆಯುವ ರೈಟರು ಅವನಿಗೆ ಕಾಗದ ಬರೆದುಕೊಡುತ್ತಾನೆ. ಧನಗೆರೆಯ ಈ ಮನೆಯಲ್ಲಿ ಓದುವವಳು, ಬರೆಯುವವಳು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟ ರಾಮಮ್ಮನೇ. ಅತ್ತೆ ದೊಡ್ಡಮಾದಮ್ಮ ಹೇಳಿದ್ದನ್ನು ಬರೆದು, ಓದಿ ಒಪ್ಪಿಸಬೇಕು. ಕೊಳ್ಳೇಗಾಲಕ್ಕೆ ಹೋದಾಗ ಅಂಚೆಡಬ್ಬಿಗೆ ಹಾಕುವವಳು ಅತ್ತೆ. ಬಂದದ್ದನ್ನು ಇಸಿದುಕೊಂಡು ಬರುವವಳೂ ಅವಳೇ.

ಕಡೆಯಲ್ಲಿ ರಾಮಮ್ಮ ತನ್ನದೂ ಒಂದು ಸಾಲು ಸೇರಿಸುತ್ತಿದ್ದಳು. ಅದನ್ನು ಮಾತ್ರ ಓದುತ್ತಿರಲಿಲ್ಲ, ನಾಚಿಕೆ. ಮೊದಲೆಲ್ಲ ಅದಕ್ಕೂ ಉತ್ತರ ಬರುತ್ತಿತ್ತು. ಯುಗಾದಿ ಆದ ಮೇಲೆ ಅಕ್ಷರ ಬದಲಾಯಿತು. ರೈಟರು ಹೊಸಬನಂತೆ, ಅಂದಳು ಅತ್ತೆ. ಅಂದಿನಿಂದ ಅವ್ವನ ಮಾತಿಗೆಲ್ಲ ಜವಾಬು, ಹೆಂಡತಿಗೆ ಒಂದಕ್ಷರವಿಲ್ಲ.

“ಅಲ್ಲೇ ಯಾವಳ್ನೋ ಕಟ್ಕಂಡವ್ನೆ,” ಬಾವಿಯ ಹತ್ತಿರ ಪಕ್ಕದ ಮನೆಯ ಪುಟ್ಟಬಸಮ್ಮ ಅಂದಿದ್ದಳು. “ನೀನು ಇಲ್ಲಿ ಅವನ ಅವ್ವನ ಕಾಲು ಒತ್ಕಂಡು ಕೂತಿರು.”

ಹೋದ ಸಲ ರಾಮಮ್ಮ ಅತ್ತೆಯ ಮಾತೊಂದನ್ನೂ ಬರೆಯಲಿಲ್ಲ. ಕಾಗದದ ತುಂಬ ತನ್ನದನ್ನೇ ಬರೆದಳು. ನಾನು ನಿಮಗೆ ಬೇಕೋ ಬೇಡವೋ ಹೇಳಿ. ಬೇಡವಾದರೆ ಸತ್ತೇಗಾಲಕ್ಕೆ, ಅಪ್ಪನ ಮನೆಗೆ ಹೋಗುತ್ತೇನೆ. ಅತ್ತೆ “ಓದವ್ವ” ಅಂದಾಗ ಅದೇ ಕಾಗದ ಹಿಡಿದು, ಮಂಡಿನೋವು, ಕಂದುಹಸು ಎಂದು ನೆನಪಿನಿಂದ ಒಪ್ಪಿಸಿದಳು.

ಅದಕ್ಕೆ ಬಂದ ಉತ್ತರ ಇದು.

“ಯಾಕವ್ವ, ನಿಲ್ಸ್‌ಬುಟ್ಟೆ?” ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಕೇಳಿದಳು.

“ಮಂಡಿನೋವು, ಅಸುವಿನ ಮಾತು, ಎಲ್ಡೂ ನಾನು ಬರ್ದೇ ಇರ್ನಿಲ್ಲ ಕಣತ್ತೆ.”

ದೊಡ್ಡಮಾದಮ್ಮನ ಕೈ ನಿಂತಿತು.

“ತಾಲ್ಲೂಕ್ ಕಚೇರಿ ಮುಂದೆ ಅರ್ಜಿ ಬರಿಯೋನು ಬರ್ಕೊಡ್ತಿದ್ದ,” ಎಂದಳು. “ಕಾಗ್ದ ನಿಂತೋದ್ರೆ ನೀನೂ ಒಂಟೋಯ್ತೀಯ ಅಂತ.”

“ಮತ್ತೆ ಅಲ್ಲಿಂದ ಬಂದಿದ್ದು?”

“ಯುಗಾದೀಲಿ ಬಂದಿದ್ದೇ ಕಡೇದು ಮಗಾ. ಸಾವಿನ ಕಾಗ್ದಾನ ಮನೆ ಒಳಕ್ಕೆ ತರಬಾರ್ದಲ್ಲ, ಬೀದೀಲೇ ಓದಿಸ್ಕಂಡು ಅರ್ದಾಕ್‌ಬುಟ್ಟೆ.”