ಮಾರ್ಲಿಸಳ ಮೈಕು

“ಬೇರೆ ಥರ ಇದೆ,” ಎಂದಳು ಮಾರ್ಲಿಸ್, ಹೆಡ್‌ಫೋನ್ ತೆಗೆಯದೆ.

ಬಾಗಿಲಲ್ಲಿ ನಿಂತಿದ್ದ ಗಂಡ ವರ್ನ್‌ನ ಮುಖ ಇಳಿಯಿತು. ಅಮೆರಿಕದ ಉತ್ತರದಂಚಿನ ಊರಾದ ಡುಲೂತಿನಲ್ಲಿ ಯಾರೂ ಯಾವುದನ್ನೂ ಕೆಟ್ಟದಾಗಿದೆ ಎನ್ನುವುದಿಲ್ಲ. ಬೇರೆ ಥರ ಇದೆ ಎನ್ನುತ್ತಾರೆ. ನಾದಿನಿಯ ಹೊಸ ಪರದೆ, ಪಾದ್ರಿ ಬಾರಿಸುವ ಗಿಟಾರು, ಕ್ಯಾರೆಟ್ ತುರಿದು ಹಾಕಿದ ಜೆಲ್ಲಿ, ಎಲ್ಲಕ್ಕೂ ಅದೇ ಮಾತು. ಗಂಟಲಿನ ಆಪರೇಷನ್ ಆಗಿ ಹೆಂಡತಿ ಮಾತು ಬಿಟ್ಟಿದ್ದ ಚಳಿಗಾಲವಿಡೀ ವರ್ನ್ ಅವಳ ಮೈಕನ್ನು ಬಿಚ್ಚಿಟ್ಟುಕೊಂಡು ಕೂತಿದ್ದ. ಅಗ್ಗದ ಮೈಕು; ‘ಸ’ ಬಂದಲ್ಲೆಲ್ಲ ಮರಳುಕಾಗದ ಉಜ್ಜಿದಂತೆ ಕೇಳುತ್ತಿತ್ತು. ಅವನು ಕೆಪಾಸಿಟರುಗಳನ್ನು ಕಿತ್ತು ಒಳ್ಳೆಯವನ್ನು ಹಾಕಿದ, ಟ್ರಾನ್ಸಿಸ್ಟರ್ ಬದಲಿಸಿದ, ಬೆರಳಿನ ತೇವ ತಾಗದಿರಲೆಂದು ಕೈಗವಸು ತೊಟ್ಟು ಒಂದೊಂದೇ ತಂತಿಯನ್ನು ಮತ್ತೆ ಬೆಸೆದ. ಅವಳು ಮತ್ತೆ ಧ್ವನಿಪುಸ್ತಕ ಓದುವ ಕೆಲಸಕ್ಕೆ ಕೂರುವ ದಿನಕ್ಕೆ ಅದು ಅವನ ಉಡುಗೊರೆ.

“ಇಷ್ಟ ಆಗಿಲ್ಲ ಅಂತ ಹೇಳ್ಬಿಡು. ನಿಮ್ಮಮ್ಮನ ಥರ ಸುತ್ತಿ ಬಳಸಿ ಹೇಳ್ಬೇಡ.”

“ನಿನ್ನ ಮೈಕಿನ ಸುದ್ದಿ ಅಲ್ಲ ಕಣೋ. ಬೇರೆ ಥರ ಅಂದ್ರೆ ನಿಜವಾಗ್ಲೂ ಬೇರೆ ಥರ. ಇದು ನಾನಲ್ಲ.”

ಕೋಟುಗಳನ್ನೆಲ್ಲ ತೆಗೆದು ಗೋಡೆಗೆ ಕಂಬಳಿ ಹೊಡೆದ ಕಪಾಟುಕೋಣೆಯೇ ಅವಳ ಸ್ಟುಡಿಯೊ; ಅಲ್ಲಿ ಅವಳು ಮತ್ತೆ ಅದೇ ಸಾಲನ್ನು ಓದಿದಳು. ಸದ್ದಾಗುತ್ತದೆಂದು ಹೀಟರ್ ಆರಿಸಿದ್ದರು. ಬಾಯಿಂದ ಹಬೆ ಬರುತ್ತಿತ್ತು. ವರ್ನ್ ಧ್ವನಿಮುದ್ರಿಸಿದ್ದನ್ನು ಸ್ಪೀಕರಿನಲ್ಲಿ ಹಾಕಿದ. ಮರಳುಕಾಗದ ಎಲ್ಲಿಯೂ ಇರಲಿಲ್ಲ. ತುಂಬಿದ, ತುಸು ದಣಿದ, ಮಾರ್ಲಿಸಳದೇ ದನಿ.

“ಇದು ನಾನೇ,” ಎಂದು ಅವಳು ಒಪ್ಪಿದಳು. ಹೆಡ್‌ಫೋನ್ ಹಾಕಿಕೊಂಡು, ಓದಿದಂತೆಲ್ಲ ಅದರಲ್ಲಿ ಬರುವ ತನ್ನ ದನಿ ಕೇಳುತ್ತ, ಮತ್ತೆ ಒಂದು ಸಾಲು ಓದಿ ನಿಲ್ಲಿಸಿದಳು. “ಇದು ಅಲ್ಲ. ಯಾರೋ ಮೂಗು ಹಿಡ್ಕೊಂಡು ಪಕ್ಕದ ಮನೇಲಿ ಓದ್ತಿರೋ ಹಾಗಿದೆ. ಹೇಳಿ ಮುಗಿಸಿದ ಮೇಲೆ ಇದ್ದೀನಿ ವರ್ನ್. ಹೇಳ್ತಾ ಇರುವಾಗ ಇಲ್ಲ.”

ಓದಿದ್ದನ್ನು ಇಂಗ್ರಿಡ್‌ಗೆ ಕಳಿಸಿದರು. ಪುಸ್ತಕ ಓದಿಸಿ ಧ್ವನಿಮುದ್ರಿಸುವ ಕಂಪನಿಯ ಇಂಗ್ರಿಡ್; ದೊಡ್ಡದೊಂದು ಕಾದಂಬರಿಯನ್ನು ಮಾರ್ಲಿಸ್‌ಗೆಂದೇ ತಡೆದಿಟ್ಟಿದ್ದಳು, ಆಗುತ್ತದೋ ಇಲ್ಲವೋ ಎಂದು ಇವತ್ತು ಹೇಳಲೇಬೇಕಿತ್ತು. ತಕ್ಷಣ ಅವಳ ಫೋನ್ ಬಂತು. “ಯಾರೇ ನಿನ್ನ ಡಾಕ್ಟ್ರು? ನನ್ನ ಗಂಟ್ಲೂ ಕೊಯ್ಸಿಬಿಡ್ತೀನಿ.”

ಮಾರ್ಲಿಸ್ ಫೋನನ್ನು ಮಡಿಲಿಗೆ ಹಾಕಿಕೊಂಡಳು. “ಕನಿಕರಕ್ಕೆ ಹಾಗಂತಾಳೆ. ಡಾಕ್ಟ್ರು ಗಂಟಲು ಕೊಯ್ದಾಗ ಕಿವಿಗೆ ಏನಾಯ್ತೋ, ತಲೆಗೆ ಏನಾಯ್ತೋ. ನನ್ನ ದನಿ ನನಗೇ ಸಿಗ್ತಿಲ್ಲ ಅಂದ್ಮೇಲೆ ಅಷ್ಟು ದಪ್ಪ ಪುಸ್ತಕ ಹೇಗೋ ಓದ್ಲಿ? ಆಗಲ್ಲ ಅಂತ ಹೇಳ್ಬಿಡ್ತೀನಿ.”

“ತಡಿ ಮಾರಾಯ್ತಿ. ನಾನು ಪರೀಕ್ಷೆ ಮಾಡಿದಾಗ ಸರಿಯಾಗೇ ಇತ್ತು.”

“ನೀನು ಮಾತಾಡಿ ನೋಡಿದ್ಯಾ?”

ವರ್ನ್ ಮೈಕಿನ ಮುಂದೆ ರೇಡಿಯೊ ಇಟ್ಟು ಪರೀಕ್ಷಿಸಿದ್ದ. ತನ್ನ ದನಿ ಕೇಳುವುದೆಂದರೆ ಅವನಿಗೆ ಷರ್ಟಿಲ್ಲದೆ ಇಗರ್ಜಿಗೆ ಹೋದಂತೆ.

“ಕೂತ್ಕೋ ಇಲ್ಲಿ,” ಎಂದು ಅವಳು ಎದ್ದಳು.

ಅವನು ಹೆಡ್‌ಫೋನ್ ಹಾಕಿಕೊಂಡು, ಏನು ಹೇಳುವುದೆಂದು ತೋಚದೆ, ಒಲೆಯ ಮೇಲಿದ್ದ ಅಡುಗೆಯ ವಿಷಯ ಹೇಳತೊಡಗಿದ. ಆಲೂಗೆಡ್ಡೆ, ಬೀನ್ಸು, ಎರಡನೇ ಸಲ ಉಪ್ಪು ಹಾಕಿದೆಯೋ ಏನೋ. ಅರ್ಧಕ್ಕೆ ನಿಂತ. ದನಿಯ ಅಡಿಪಾಯವನ್ನೇ ಯಾರೋ ಎಳೆದುಕೊಂಡು ಹೋದಂತಿತ್ತು. ಮೈಕಿನ ತಂತಿ ಸೇರುವ ಪೆಟ್ಟಿಗೆಯ ಮೇಲೆ, ಬಂದ ಸಂಕೇತವನ್ನು ತಿರುವು ಮುರುವು ಮಾಡುವ ಗುಂಡಿಯೊಂದಿದೆ. ಅದನ್ನು ಒತ್ತಿದ. “ಉಪ್ಪು,” ಎಂದ. ದನಿ ಪೂರ್ತಿಯಾಗಿ ಮರಳಿ ಬಂತು.

ಅವನ ಕಿವಿ ಕೆಂಪಾಯಿತು.

“ಎರಡು ತಂತಿ ಅದಲು ಬದಲು ಬೆಸೆದಿದ್ದೀನಿ ಮಾರ್ಲಿಸ್. ಕೇಳೋರಿಗೆ ಗೊತ್ತೇ ಆಗಲ್ಲ. ಆದ್ರೆ ಮಾತಾಡುವಾಗ ನಿನ್ನ ದನಿ ಮೂಳೆಯೊಳಗಿಂದಾನೂ ಬಂದು ನಿನಗೆ ಕೇಳ್ಸುತ್ತಲ್ಲ? ಅದು ಮುಂದಕ್ಕೆ ತಳ್ಳುವಾಗ ಹೆಡ್‌ಫೋನಿಂದು ಹಿಂದಕ್ಕೆ ಎಳೀತಿತ್ತು. ಒಂದನ್ನೊಂದು ತಿಂದು ಹಾಕ್ತಿದ್ವು.”

ಅವಳು ಹೆಡ್‌ಫೋನ್ ಕಸಿದುಕೊಂಡು ಕೂತಳು. ಒಂದು ಸಾಲು ಓದಿದಳು. ನಿಲ್ಲಿಸದೆ ಪುಟ ಮುಗಿಸಿದಳು. ಕಣ್ಣೊರೆಸಿಕೊಂಡು ಇಂಗ್ರಿಡ್‌ಗೆ ಸಂದೇಶ ಕಳಿಸಿದಳು: ಓದ್ತೀನಿ.

“ನಿನ್ನ ಮೈಕು ಪರವಾಗಿಲ್ಲ,” ಎಂದಳು. ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ವರ್ನ್ ಹೀಟರ್ ಹಾಕಲು ಎದ್ದ.

“ಇರು. ಆ ಮೂಳೆಯೊಳಗಿನ ದನಿ ಅಂದ್ಯಲ್ಲ, ಅದು ನಿಂಗೆ ಕೇಳ್ಸಲ್ವಾ?”

“ನಂಗೆ ಹೇಗೆ ಕೇಳ್ಸುತ್ತೆ? ಯಾರಿಗೂ ಕೇಳ್ಸಲ್ಲ. ನಿಂಗೊಬ್ಳಿಗೇ.”

“ಯಾವತ್ತೂ ಕೇಳಿಲ್ಲ?”

“ಇಲ್ಲ.”

“ಹಾಗಾದ್ರೆ ಇಷ್ಟು ವರ್ಷ ನಿನ್ನ ಜೊತೆ ಮಾತಾಡಿದ್ದು ಯಾರು?”

ವರ್ನ್ ನಕ್ಕ. ಅವಳು ನಗಲಿಲ್ಲ. ಹೆಡ್‌ಫೋನ್ ಪಕ್ಕಕ್ಕಿಟ್ಟು ಬಂದು, ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಹಣೆಗೆ ಹಣೆಯನ್ನು ನೋವಾಗುವಷ್ಟು ಒತ್ತಿ, ಅವನ ಹೆಸರು ಹೇಳಿದಳು. ಅವನ ತಲೆಬುರುಡೆಯೊಳಗೆ, ಕಿವಿಯ ದಾರಿ ಹಿಡಿಯದೆ, ಅವನು ಎಂದೂ ಭೇಟಿಯಾಗದ ಹೆಂಗಸೊಬ್ಬಳು ಅವನನ್ನು ಕರೆದಳು.