ಹದಿನೆಂಟು ಸೊನ್ನೆ

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಕುಣಿಗಲ್ಲಿನ ಕಾಲೇಜೊಂದರಿಂದ ಫೋನ್ ಬಂತು. ಬೆಳ್ಳಿಹಬ್ಬದ ಪೆಂಡಾಲ್ ಕೆಲಸ ಗುಬ್ಬಿಯ ಮುತ್ತುರಾಜ್‌ಗೆ ಹೋಗಿತ್ತು. ಆತ ಕೊಟೇಷನ್‌ನಲ್ಲಿ ಬರೆದ ಮೊತ್ತ ಆರು ಲಕ್ಷದ ಹತ್ತು ಸಾವಿರ.

ಮ್ಯಾನೇಜರ್ ನಾಗಭೂಷಣ್ ಫೋನ್ ಇಟ್ಟು, ಪ್ರಿಯಾಂಕಳ ಕಂಪ್ಯೂಟರಿನತ್ತ ಬಗ್ಗಿದರು. ಪರದೆಯ ಕೊನೆಯ ಸಾಲಿನಲ್ಲಿ ಲಾಭ ಸೇರಿಸಿ ಒಟ್ಟು ಮೊತ್ತ ಇತ್ತು: 6,12,000.

“ಎರಡೇ ಸಾವಿರ ಕಮ್ಮಿ. ಅವ್ನಿಗೇನು ಕನಸು ಬಿದ್ದಿತ್ತಾ?”

ತುಮಕೂರಿನ ಕರಿಸಿದ್ದಪ್ಪ ಶಾಮಿಯಾನಕ್ಕೆ ಪ್ರಿಯಾಂಕ ಸೇರಿ ಮೂರು ತಿಂಗಳು. ಹೊಸ ಪ್ರಾಜೆಕ್ಟ್ ಸಾಫ್ಟ್‌ವೇರಿಗೆ ಆಳುಗಳ ಹೆಸರು, ದಿನಗೂಲಿ, ರಜೆ, ಲಾರಿ ಬಾಡಿಗೆ ತುಂಬುವುದು ಅವಳ ಕೆಲಸ. ಆ ಶೀಟ್ ನೋಡಬಲ್ಲವರು ಮೂರೇ ಜನ. ನಾಗಭೂಷಣ್ ಹತ್ತೊಂಬತ್ತು ವರ್ಷದ ಹಳಬರು. ಮಾಲೀಕ ಕರಿಸಿದ್ದಪ್ಪನವರು ಅದನ್ನು ಮೊಬೈಲಿನಲ್ಲಿ ತೆರೆಯಲು ಕಲಿತೇ ಎರಡು ವಾರ. ಅದೂ ಪ್ರಿಯಾಂಕ ಒಂದೊಂದೇ ಬಟನ್ ತೋರಿಸಿಕೊಟ್ಟ ಮೇಲೆ. ಉಳಿದವಳು ಅವಳು.

“ಗುಬ್ಬೀಲಿ ಮುತ್ತುರಾಜನ ಗೋಡೌನು ನಿಮ್ಮನೆ ಹಿಂದುಗಡೆ ತಾನೆ?”

“ಹೌದು ಸಾರ್. ಆದ್ರೆ ನಾನು ಅವ್ರ ಹತ್ರ ಮಾತೇ ಆಡಿಲ್ಲ.”

“ಮಾತ್ಯಾಕೆ ಆಡ್ಬೇಕು? ಒಂದು ಬಟನ್ ಒತ್ತಿದ್ರೆ ಸಾಕಲ್ಲ. ಸಂಜೆಯೊಳಗೆ ರಾಜೀನಾಮೆ ಬರ್ಕೊಡು.”

ಕೆಲಸ ಹೋದರೆ ಇನ್ನೊಂದು ಹುಡುಕಬಹುದಿತ್ತು. ಆದರೆ ಮಾಲೀಕರ ರೇಟು ಮಾರಿಕೊಂಡವಳು ಎಂಬ ಹೆಸರು ಬಂದರೆ, ತುಮಕೂರಿನಲ್ಲಿ ಅವಳಿಗೆ ಕುರ್ಚಿ ಕೊಡುವವರು ಯಾರೂ ಇರಲಿಲ್ಲ.

ಕಿಟಕಿ ಪಕ್ಕ ಕೂತಿದ್ದ ಕರಿಸಿದ್ದಪ್ಪ ಕಡ್ಲೆಪುರಿಯ ಪೊಟ್ಟಣ ಬಿಚ್ಚಿದರು. “ಯಾಕ್ಲಾ ಕೂಗಾಡ್ತೀಯ ನಾಗ? ಹೋದ್ರೆ ಹೋಗ್ಲಿ ಬುಡು.”

ಪ್ರಿಯಾಂಕ ಎದ್ದು ಮಾಲೀಕರತ್ತ ತಿರುಗಿದಳು. “ಸಾರ್, ಶೀಟನ್ನ ಯಾರು ಯಾರಿಗೆ ಕಳ್ಸಿದ್ರು ಅನ್ನೋದು ಸಾಫ್ಟ್‌ವೇರಲ್ಲಿ ದಾಖಲಾಗಿರುತ್ತೆ. ನಿಮ್ಮ ಲಾಗಿನ್‌ಗೆ ಮಾತ್ರ ಕಾಣೋದು. ಪಾಸ್‌ವರ್ಡ್ ಹೇಳಿ, ಈಗ್ಲೇ ತೋರಿಸ್ತೀನಿ.”

“ಈ ವಯಸ್ಸಲ್ಲಿ ಅದೆಲ್ಲಿ ನೆಪ್ಪಿರ್ತದಮ್ಮ? ಸಾಯಂಕಾಲ ನೋಡಾಣ.” ಅವರು ಪುರಿ ಬಾಯಿಗೆ ಹಾಕಿಕೊಂಡರು.

ಅವಳಿಗೆ ಇನ್ನೊಂದು ಅಳುಕೂ ಇತ್ತು. ಆ ಮೊತ್ತವೇ ತಪ್ಪು. ಚೇಳೂರಿನ ಕದರಮ್ಮ ಮೇಸ್ತ್ರಿಯ ಹದಿನೆಂಟು ಜನರ ಹೆಸರಿನ ಮುಂದೆ ದರದ ಜಾಗದಲ್ಲಿ ಸೊನ್ನೆ ಇತ್ತು. ಎತ್ತರದ ಕಬ್ಬಿಣದ ಕಮಾನು ಹತ್ತಿ ಬೋಲ್ಟ್ ಬಿಗಿಯುವವರು ಈ ಕಡೆ ಅವರು ಮಾತ್ರ. ಕರಿಸಿದ್ದಪ್ಪ ಸೊನ್ನೆ ಹಾಕಿಸುವಾಗಲೇ ಅವಳು ಕೇಳಿದ್ದಳು.

“ಲೆಕ್ಕ ತಪ್ಪಾಗುತ್ತಲ್ಲ ಸಾರ್?”

“ಆಗ್ಲಿ ಬುಡಮ್ಮ. ಕದರಮ್ಮ ಇನ್ನೂ ರೇಟ್ ಹೇಳಿಲ್ಲ. ಆಮ್ಯಾಕೆ ತಿದ್ದಾಣ.”

ಆಮೇಲೆ ಯಾರೂ ತಿದ್ದಲಿಲ್ಲ. ಕಾಲೇಜಿಗೆ ಹೋದ ಲಕೋಟೆಯಲ್ಲಿ ಮೊತ್ತವನ್ನು ಕರಿಸಿದ್ದಪ್ಪ ಮನೆಯಲ್ಲಿ ಕೂತು ತಾವೇ ಬರೆದು, ತಾವೇ ಅಂಟಿಸಿದ್ದರು.

ನಾಲ್ಕು ಗಂಟೆಗೆ ಅವರ ಮೊಬೈಲ್ ಹೊಡೆದುಕೊಂಡಿತು. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು. ಮುತ್ತುರಾಜ್.

“ಯಜಮಾನ್ರೇ, ಆ ಚೇಳೂರಿನ ಹದಿನೆಂಟು ಜನಾನ ಐದು ದಿನ ಕಳ್ಸಿಕೊಡಿ. ನಮ್ಮವ್ರು ಕಮಾನು ಹತ್ತಾಕಿಲ್ಲ ಅಂತವ್ರೆ. ಕದರಮ್ಮನ್ನ ಕೇಳಿದ್ರೆ, ಯಜಮಾನ್ರು ಹೇಳಿದ್ರೆ ಮಾತ್ರ ಅಂತಾಳೆ.”

“ಅದಕ್ಕೇನು, ಕಳ್ಸಾಣ. ಒಬ್ಬೊಬ್ಬರಿಗೆ ದಿನಕ್ಕೆ ಎರಡೂವರೆ ಸಾವಿರ. ಪೂರ್ತಿ ಮುಂಗಡ.”

“ಎರಡೂವರೆನಾ! ನಿಮಗೆ ಪುಕ್ಕಟೆ ಬರ್ತಾರಲ್ಲ!”

“ಅಂಗಂತ ನಿಂಗ್ಯಾರ್ಲಾ ಹೇಳಿದ್ದು?”

ಆ ಕಡೆಯಿಂದ ಒಂದು ಲಾರಿ ಹಾರನ್ ಮಾತ್ರ ಕೇಳಿಸಿತು.

“ಬ್ಯಾಡ ಅಂದ್ರೆ ಬುಡು. ಕಾಲೇಜಿಗೆ ಕಟ್ಟಿರೋ ಠೇವಣಿ ಬಿಟ್ಟು ಮನೇಗೋಗು.”

ಕೊನೆಗೆ ಮುತ್ತುರಾಜ್ “ಆಯ್ತು” ಎಂದ. ಹದಿನೆಂಟು ಜನ, ಐದು ದಿನ: ಎರಡು ಲಕ್ಷದ ಇಪ್ಪತ್ತೈದು ಸಾವಿರ.

ನಾಗಭೂಷಣ್ ಮೇಜು ಗುದ್ದಿದರು. “ಕೇಳಿದ್ರಾ ಸಾರ್? ಸೊನ್ನೆ ಇರೋದು ಅವ್ನಿಗೆ ಗೊತ್ತು! ಶೀಟ್ ನೋಡವ್ನೆ! ಇವ್ಳದ್ದೇ ಕೆಲಸ!”

“ಸುಮ್ಕಿರ್ಲಾ.” ಕರಿಸಿದ್ದಪ್ಪ ಪ್ರಿಯಾಂಕಳತ್ತ ತಿರುಗಿದರು. “ಆ ಸೊನ್ನೆಗಳನ್ನ ತೆಗ್ದು ಎರಡೂವರೆ ಸಾವಿರ ಹಾಕಮ್ಮ. ನನ್ನ ಲಾಗಿನ್ನಲ್ಲೇ ಹಾಕು. ಪಾಸ್‌ವರ್ಡು ಕದರಮ್ಮ, ಮುಂದೆ ಒಂದು, ಎಂಟು.”

ಹೇಳಲು ಅವರು ಒಂದು ಕ್ಷಣವೂ ಯೋಚಿಸಲಿಲ್ಲ.

ಪ್ರಿಯಾಂಕ ಲಾಗಿನ್ ಆದಳು. ದರ ಬದಲಿಸುವ ಮೊದಲು ದಾಖಲೆಯ ಪುಟ ತೆರೆದಳು. ಅಲ್ಲಿ ಒಂದೇ ಸಾಲು. ಕಳೆದ ಗುರುವಾರ, ಸಂಜೆ 4.20. ಪಡೆದವರು: ಮುತ್ತುರಾಜ್, ಗುಬ್ಬಿ. ಕಳಿಸಿದವರು: ಕರಿಸಿದ್ದಪ್ಪ. ಜೊತೆಗೊಂದು ಸಂದೇಶ: “ಮುತ್ತು, ಇದು ಕೈತಪ್ಪಿ ನಿಂಗೆ ಬಂದದೆ. ದಯವಿಟ್ಟು ತೆರೀಬ್ಯಾಡ.”

ಮುತ್ತುರಾಜ್ ಅದನ್ನು 4.21ಕ್ಕೆ ತೆರೆದಿದ್ದ.