ಅದಲುಬದಲಾದ ರೀಲುಗಳು

ಹಡಗುಕಟ್ಟೆಯ ಕೂಲಿಯೊಬ್ಬ ಮುಂಬೈಗೇ ಡಾನ್ ಆಗಿ, ಕೊನೆಗೆ ಪೊಲೀಸರ ಗುಂಡಿಗೆ ನಡುಬೀದಿಯಲ್ಲಿ ಸಾಯುವ ಹಿಂದಿ ಸಿನಿಮಾ. ಊರಿನ ಟಾಕೀಸಿನಲ್ಲಿ ಮೊದಲ ದಿನವೇ ಆಪರೇಟರ್ ಗದಿಗೆಪ್ಪ ರೀಲಿನ ಡಬ್ಬಿಗಳನ್ನು ಅದಲುಬದಲು ಮಾಡಿಬಿಟ್ಟ. ಡಾನ್ ಇಂಟರ್‌ವಲ್ಲಿಗೆ ಮೊದಲೇ ಸತ್ತ. ಆಮೇಲೆ ಕೂಲಿಯಾಗಿ ಮೂಟೆ ಹೊತ್ತು, ಮೇಲೇರುತ್ತ ಹೋಗಿ, ಮುಂಬೈಯನ್ನೇ ಗೆದ್ದು ಕುರ್ಚಿಯಲ್ಲಿ ಕೂತಲ್ಲಿಗೆ ಸಿನಿಮಾ ಮುಗಿಯಿತು.

ಟಾಕೀಸಿನ ಸಾಹುಕಾರರು ಮೆಟ್ಟಿಲು ಹತ್ತಿ ಗದಿಗೆಪ್ಪನ ಪ್ರೊಜೆಕ್ಟರ್ ಕೋಣೆಗೆ ಬಂದರು.

“ಸತ್ತಾಂವ ಮೂಟಿ ಹೊರತಾನೇನೋ ಮಾರಾಯಾ?”

“ಡಬ್ಬಿ ಮ್ಯಾಲಿನ ನಂಬರ ಅಳಿಸಿಹೋಗಿತ್ರಿ ಸಾವಕಾರ್ರ. ಆದ್ರೂ ಮಂದಿ ಸೀಟಿ ಹೊಡದ್ರು ನೋಡ್ರಿ.”

“ಅವರಿಗೆ ಹಿಂದಿ ಎಲ್ಲಿ ತಿಳೀತೈತಿ? ನಾಳೆ ಮತ್ತ ಹಿಂಗಾತಂದ್ರ ನೀ ಮನೀಗೆ ಹೋಗು.”

ಇಪ್ಪತ್ತು ವರ್ಷದ ನೌಕರಿ. ಮರುದಿನ ಗದಿಗೆಪ್ಪ ಪ್ರತಿ ಡಬ್ಬಿಯ ಮೇಲೂ ಸುಣ್ಣದಲ್ಲಿ ನಂಬರು ಬರೆದು, ಎರಡೆರಡು ಸಲ ನೋಡಿಕೊಂಡು ಮ್ಯಾಟಿನಿ ಶುರು ಮಾಡಿದ. ಟಾಕೀಸು ತುಂಬಿತ್ತು, ನಿನ್ನೆ ನೋಡಿದವರೇ ಮನೆಮಂದಿಯನ್ನೆಲ್ಲ ಕರೆತಂದಿದ್ದರು. ಒಂದು ರೀಲೂ ತಪ್ಪಲಿಲ್ಲ. ಡಾನ್ ಸಾಯಬೇಕಾದ ಹೊತ್ತಿಗೇ ಸತ್ತ. ಗದಿಗೆಪ್ಪ ಸಮಾಧಾನದಿಂದ ದೀಪ ಹಾಕಿದ.

ಸ್ವಲ್ಪ ಹೊತ್ತಿಗೆ ಸಾಹುಕಾರರು ಏದುಸಿರು ಬಿಡುತ್ತ ಮೇಲೆ ಬಂದರು.

“ಇವತ್ತ ಎಲ್ಲಾ ಬರೋಬರಿ ಆತಲ್ರಿ, ಸಾವಕಾರ್ರ?”

“ಬರೋಬರಿ ಆತು. ಆದ್ರ ಆ ಸತ್ತಾಂವ ಎದ್ದು ಬರೂತನಕಾ ತಾವೂ ಏಳಂಗಿಲ್ಲಂತ ಮಂದಿ ಕುಂತೈತಿ. ಮೊದಲಿನ ಅರ್ಧ ಇನ್ನೊಮ್ಮೆ ಹಾಕಪಾ.”